ದಕ್ಷಿಣದೊಳಗಿನ ಮತ್ತೊಂದು ದಕ್ಷಿಣ: ಅಲಬಾಮಾದ ವಿನ್‌ಸ್ಟನ್ ಕೌಂಟಿ

ಅಮೆರಿಕದ ಅಲಬಾಮಾ ರಾಜ್ಯದ ವಾಯವ್ಯ ಭಾಗದಲ್ಲಿ, ಅಪಲೇಚಿಯನ್ ಬೆಟ್ಟಸಾಲು ತಗ್ಗುತ್ತ ಬರುವ ಮರಳುಗಲ್ಲಿನ ಸೀಮೆಯಲ್ಲಿ, ವಿನ್‌ಸ್ಟನ್ ಕೌಂಟಿ ಇದೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯನ್ನು ಹೋಲುವ ಆಡಳಿತ ಘಟಕ. ರಾಜ್ಯದ ನಡುಭಾಗದ ಕಪ್ಪು ಮಣ್ಣಿನಲ್ಲಿ ಗುಲಾಮರ ದುಡಿಮೆಯಿಂದ ಹತ್ತಿ ಬೆಳೆದು ಜಮೀನ್ದಾರರು ಸಿರಿವಂತರಾಗುತ್ತಿದ್ದ ಕಾಲದಲ್ಲಿ, ಈ ಬಡ ನೆಲದ ರೈತರು ಮನೆಮಂದಿಯೇ ದುಡಿದು ಹೊಟ್ಟೆ ಹೊರೆಯುತ್ತಿದ್ದರು. 1860ರ ಜನಗಣತಿಯಂತೆ ಇಡೀ ಕೌಂಟಿಯಲ್ಲಿದ್ದ ಗುಲಾಮರು 122 ಮಂದಿ ಮಾತ್ರ. ಗುಲಾಮಗಿರಿಯನ್ನು ತೊಡೆದುಹಾಕಬೇಕೆಂಬ ಹಂಬಲ ಇಲ್ಲಿನ ಎಲ್ಲರಲ್ಲೂ ಇತ್ತೆಂದು ಹೇಳಲಾಗದು. ಆದರೆ ಜಮೀನ್ದಾರರ ಆಸ್ತಿಗಾಗಿ ತಾವೇಕೆ ಸಾಯಬೇಕು, ಅಜ್ಜಂದಿರು ಕಟ್ಟಿದ ದೇಶವನ್ನೇಕೆ ಒಡೆಯಬೇಕು ಎಂಬ ಪ್ರಶ್ನೆ ಅವರಲ್ಲಿ ಗಟ್ಟಿಯಾಗಿತ್ತು.

1861ರ ಜನವರಿಯಲ್ಲಿ ಅಲಬಾಮಾ ಒಕ್ಕೂಟದಿಂದ, ಅಂದರೆ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದ ಅಧೀನದಿಂದ, ಹೊರಬರುವ ನಿರ್ಣಯ ಕೈಗೊಂಡಾಗ, ವಿನ್‌ಸ್ಟನ್ನಿನ ಪ್ರತಿನಿಧಿಯಾಗಿದ್ದ, ಇಪ್ಪತ್ತರ ಆಸುಪಾಸಿನ ಶಾಲಾಮಾಸ್ತರ ಕ್ರಿಸ್ಟೋಫರ್ ಶೀಟ್ಸ್ ಅದಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಬಳಿಕ ಲೂನಿ ಎಂಬಾತನ ಹೋಟೆಲಿನ ಬಳಿ ಸೇರಿದ ಜನ, ರಾಜ್ಯವು ದೇಶವನ್ನು ಬಿಡಬಹುದಾದರೆ ಕೌಂಟಿಯೂ ರಾಜ್ಯವನ್ನು ಬಿಡಬಹುದೆಂದು ಸಾರಿದರು. ತರ್ಕದಲ್ಲಿ ಇದಕ್ಕೆ ಮರುತ್ತರವಿರಲಿಲ್ಲ. ವಿರೋಧಿಗಳ ಗೇಲಿಯಿಂದ ಹುಟ್ಟಿದ ‘ವಿನ್‌ಸ್ಟನ್ ಸ್ವತಂತ್ರ ರಾಜ್ಯ’ ಎಂಬ ಹೆಸರು ಮುಂದೆ ಊರಿನ ಹೆಮ್ಮೆಯಾಯಿತು.

ಒಕ್ಕೂಟವನ್ನು ಬಿಟ್ಟು ಅದರೊಡನೆ ಯುದ್ಧಕ್ಕಿಳಿದ ದಕ್ಷಿಣದ ರಾಜ್ಯಗಳ ಕೂಟವಾದ ಕಾನ್ಫೆಡರಸಿ 1862ರ ಏಪ್ರಿಲ್‌ನಲ್ಲಿ ಕಡ್ಡಾಯ ಸೇನಾಭರ್ತಿಯ ಕಾನೂನು ತಂದ ಮೇಲೆ, ತಟಸ್ಥರಾಗಿರಲೂ ಎಡೆಯಿಲ್ಲದ ತರುಣರು ಕಾಡಿನ ಬಂಡೆಚಾಚುಗಳ ಅಡಿಯಲ್ಲಿ ಅಡಗಿದರು; ಅನೇಕರು ರಾತ್ರಿ ನಡೆದು ಒಕ್ಕೂಟದ ಪಾಳೆಯಗಳನ್ನು ಸೇರಿದರು. ಹೀಗೆ ಬಂದವರನ್ನು ಕೂಡಿಸಿ ಮಿಸಿಸಿಪಿಯ ಕೋರಿಂತ್‌ನಲ್ಲಿ ಅದೇ ವರ್ಷದ ಡಿಸೆಂಬರ್‌ನಲ್ಲಿ ಒಂದನೆಯ ಅಲಬಾಮಾ ಅಶ್ವದಳವನ್ನು ಕಟ್ಟಲಾಯಿತು. ಬೆಟ್ಟದ ದಾರಿಗಳನ್ನು ಬಲ್ಲ ಈ ಸವಾರರು 1863ರಲ್ಲಿ ಒಕ್ಕೂಟದ ಕರ್ನಲ್ ಸ್ಟ್ರೈಟ್‌ನ ದಾಳಿಗೆ ಮಾರ್ಗದರ್ಶಕರಾದರು. 1864ರಲ್ಲಿ ಜಾರ್ಜಿಯಾದ ಮೂಲಕ ಕಡಲಿನತ್ತ ಸಾಗಿದ ಒಕ್ಕೂಟದ ಜನರಲ್ ಶೆರ್ಮನ್ ತನ್ನ ಬೆಂಗಾವಲಿಗೆ ಆರಿಸಿಕೊಂಡದ್ದು ಈ ದಳದ ಸವಾರರನ್ನೇ. ಈ ದಕ್ಷಿಣದವರ ಮೇಲೆ ಅವನಿಗಿದ್ದ ಭರವಸೆಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. 1865ರ ಮಾರ್ಚ್ 10ರ ನಸುಕಿನಲ್ಲಿ ಉತ್ತರ ಕೆರೊಲಿನಾದ ಮನ್ರೋಸ್ ಕ್ರಾಸ್‌ರೋಡ್ಸ್‌ನಲ್ಲಿ ನಿದ್ದೆಯಲ್ಲಿದ್ದಾಗಲೇ ಶತ್ರು ಅಶ್ವದಳ ಎರಗಿದರೂ, ಅವರು ಚೇತರಿಸಿಕೊಂಡು ಪಾಳೆಯವನ್ನು ಮರಳಿ ಗೆದ್ದರು. ಅಕ್ಟೋಬರ್‌ನಲ್ಲಿ ಹಂಟ್ಸ್‌ವಿಲ್‌ನಲ್ಲಿ ದಳ ವಿಸರ್ಜನೆಯಾಯಿತು.

ಈಗಿನ ಕೌಂಟಿ ಕೇಂದ್ರ ಡಬಲ್ ಸ್ಪ್ರಿಂಗ್ಸ್‌ನ ನ್ಯಾಯಾಲಯದ ಮುಂದೆ 1987ರಲ್ಲಿ ನಿಲ್ಲಿಸಿದ ಸೈನಿಕನ ಪ್ರತಿಮೆ ಅರ್ಧ ಒಕ್ಕೂಟದ, ಅರ್ಧ ಕಾನ್ಫೆಡರಸಿಯ ಸಮವಸ್ತ್ರದಲ್ಲಿದ್ದು, ಕೈಯಲ್ಲಿ ಮುರಿದ ಕತ್ತಿಯಿದೆ. ರಾಜಿಯ ಆಶಯ ಒಳ್ಳೆಯದೇ, ಆದರೆ ಶಿಲ್ಪದ ಈ ಸಮಪಾಲು ಇತಿಹಾಸದ್ದಲ್ಲ: ಅದರ ಫಲಕದ ಪ್ರಕಾರವೇ ಈ ಕೌಂಟಿಯಿಂದ ಒಕ್ಕೂಟದ ಪರ ಹೋರಾಡಿದವರು 239 ಮಂದಿ, ಎದುರು ಪಕ್ಷದಲ್ಲಿದ್ದವರು 112 ಮಂದಿ.