ಟವೆಲ್ ರೇಲ್: ಕೇಳಿದ್ದೆಷ್ಟು, ನಿಜವೆಷ್ಟು

ಕರ್ನಾಟಕದಿಂದ ಬ್ರಿಟನ್ನಿಗೆ ಹೋಗಿ ಬಾಡಿಗೆ ಮನೆ ಹಿಡಿದವರಿಗೆ ಬಚ್ಚಲುಮನೆಯ ಗೋಡೆಯಲ್ಲಿ ಏಣಿಯ ಹಾಗೆ ನಿಂತ ಲೋಹದ ಕೊಳವೆಗಳು ಕಾಣುತ್ತವೆ. ಬಿಸಿಲು ಅಪರೂಪವಾದ ತಿಂಗಳುಗಳಲ್ಲಿ ಒದ್ದೆ ಟವೆಲ್ ಒಣಗಿಸಲು ಇರುವ ಸಾಧನ ಅದು. ಅದನ್ನು ನಡೆಸುವ ಬಗ್ಗೆ ಬಾಯಿಂದ ಬಾಯಿಗೆ ಬರುವ ಸಲಹೆಗಳಲ್ಲಿ ಹಲವು ತಪ್ಪು.

ಇದು ಕರೆಂಟಿನದೇ ಎಂದುಕೊಂಡು ಸ್ವಿಚ್ ಹುಡುಕುವವರಿದ್ದಾರೆ. ಅನೇಕ ಮನೆಗಳಲ್ಲಿ ಸ್ವಿಚ್ಚೇ ಇರುವುದಿಲ್ಲ. ಬಾಯ್ಲರ್‌ನ ಬಿಸಿನೀರು ರೇಡಿಯೇಟರ್‌ಗಳಿಗೆ ಹರಿಯುವಂತೆ ಇದರೊಳಗೂ ಹರಿಯುತ್ತದೆ. ಹೀಟಿಂಗ್ ಆರಿಸಿದರೆ ಇದೂ ತಣ್ಣಗೆ. ಕರೆಂಟಿನದಾದರೆ ಸ್ವಿಚ್ ಸಾಮಾನ್ಯವಾಗಿ ಬಚ್ಚಲುಮನೆಯ ಹೊರಗೋಡೆಯಲ್ಲಿರುತ್ತದೆ. ನೀರು ಬೀಳುವ ಜಾಗದಿಂದ ಸ್ವಿಚ್ ದೂರವಿರಲಿ ಎಂಬುದೇ ಕಾರಣ. ಎರಡೂ ಬಗೆಯಲ್ಲಿ ನಡೆಯುವ ರೇಲ್‌ಗಳೂ ಇವೆ.

ಇಡೀ ದಿನ ಹಾಕಿಯೇ ಇಟ್ಟರೆ ಖರ್ಚು ಕಡಿಮೆ, ತಣ್ಣಗಾದದ್ದನ್ನು ಮತ್ತೆ ಕಾಯಿಸಲು ಹೆಚ್ಚು ಕರೆಂಟು ಬೇಕು ಎಂಬ ಮಾತಿನಷ್ಟು ಬಲವಾಗಿ ಬೇರೂರಿದ ತಪ್ಪು ಇನ್ನೊಂದಿಲ್ಲ. ರೇಲ್ ಬಿಸಿಯಾಗಿರುವಷ್ಟು ಹೊತ್ತೂ ಕೋಣೆಗೆ ಶಾಖ ಬಿಡುತ್ತಲೇ ಇರುತ್ತದೆ, ಅಷ್ಟನ್ನೂ ಕರೆಂಟೇ ತುಂಬಿಕೊಡಬೇಕು. ಥರ್ಮೋಸ್ಟಾಟ್ ಇಲ್ಲದ 100 ವ್ಯಾಟ್‌ನ ರೇಲ್ ದಿನವಿಡೀ ಉರಿದರೆ 2.4 ಯೂನಿಟ್. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಹಾಕಿದರೆ 0.4 ಯೂನಿಟ್. ಮತ್ತೆ ಕಾಯಿಸುವ ಖರ್ಚೂ ಅದರಲ್ಲೇ ಸೇರಿದೆ. ಒಂದು ಟೈಮರ್ ಹಾಕಿಸಿಕೊಳ್ಳುವುದು ನಿಜಕ್ಕೂ ಲಾಭದ ಕೆಲಸ.

ಥರ್ಮೋಸ್ಟಾಟ್ ಇರುವ ರೇಲ್‌ನಲ್ಲಿ ಅದನ್ನು ಪೂರ್ತಿ ತಿರುಗಿಸಿದರೆ ಬೇಗ ಕಾಯುವುದೂ ಇಲ್ಲ. ಹೀಟರ್‌ನ ವ್ಯಾಟ್ ಎಷ್ಟಿದೆಯೋ ವೇಗ ಅಷ್ಟೇ. ಎಲ್ಲಿ ನಿಲ್ಲಬೇಕೆಂದು ಮಾತ್ರ ಥರ್ಮೋಸ್ಟಾಟ್ ಹೇಳುತ್ತದೆ.

ಬಚ್ಚಲುಮನೆಯನ್ನೂ ಇದೇ ಬೆಚ್ಚಗಿಡುತ್ತದೆ ಎಂಬ ನಿರೀಕ್ಷೆ ಚಿಕ್ಕ ರೇಲ್‌ಗಳ ಮಟ್ಟಿಗೆ ಹುಸಿಯಾಗುತ್ತದೆ. ದಪ್ಪ ಟವೆಲ್ ಹೊದಿಸಿದ ಮೇಲೆ ಕೋಣೆಗೆ ಸಿಗುವ ಶಾಖ ಇನ್ನೂ ಕಡಿಮೆ. ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ತೂರಿಸಿದರೆ ಒಳಮಡಿಕೆ ಒದ್ದೆಯಾಗಿಯೇ ಉಳಿಯುತ್ತದೆ, ಬಿಡಿಸಿ ಹರಡಬೇಕು. ಟವೆಲ್ಲಿನಿಂದ ಎದ್ದ ತೇವ ಕೋಣೆಯಲ್ಲೇ ಇರುತ್ತದೆ. ಫ್ಯಾನ್ ಹಾಕದಿದ್ದರೆ ಅದು ಗೋಡೆಗೆ ಕೂತು ಬೂಷ್ಟು ಹಿಡಿಯುತ್ತದೆ.

ಮೇಲಿನ ಕೊಳವೆಗಳು ತಣ್ಣಗಿದ್ದರೆ ರೇಲ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಬಾಯ್ಲರ್ ನೀರಿನದಾದರೆ ಸಾಮಾನ್ಯವಾಗಿ ಒಳಗೆ ಗಾಳಿ ಸೇರಿರುತ್ತದೆ. ಹೀಟಿಂಗ್ ಆರಿಸಿ, ರೇಲ್ ತಣ್ಣಗಾದ ಮೇಲೆ ರೇಡಿಯೇಟರ್ ಕೀಲಿಯಿಂದ ಮೇಲಿನ ತಿರುಪನ್ನು ಸ್ವಲ್ಪವೇ ಸಡಿಲಿಸಿ. ಗಾಳಿ ಹೋಗಿ ನೀರು ಜಿನುಗಿದೊಡನೆ ಬಿಗಿ ಮಾಡಿ, ಬಾಯ್ಲರ್‌ನ ಒತ್ತಡ ಇಳಿದಿದೆಯೇ ನೋಡಿ. ಪೂರ್ತಿ ಕರೆಂಟಿನ ರೇಲ್‌ಗೆ ಮಾತ್ರ ಈ ಉಪಾಯ ಬೇಡವೇ ಬೇಡ. ಕಾದ ದ್ರವ ಹಿಗ್ಗಲೆಂದು ಅದರ ತುದಿಯಲ್ಲಿ ಬೇಕೆಂದೇ ಜಾಗ ಬಿಟ್ಟಿರುತ್ತಾರೆ.

ಇದೇ ಕಾರಣಕ್ಕೆ, ಎರಡೂ ಬಗೆಯ ರೇಲ್ ಇರುವವರು ಬೇಸಿಗೆಯಲ್ಲಿ ಕರೆಂಟಿನಿಂದ ನಡೆಸುವಾಗ ಕೆಳಗಿನ ಎರಡೂ ವಾಲ್ವ್ ಮುಚ್ಚಬಾರದು. ಒಂದನ್ನು ತೆರೆದಿಡದಿದ್ದರೆ ಹಿಗ್ಗಿದ ನೀರಿಗೆ ದಾರಿಯಿಲ್ಲ. ನೀರು ಖಾಲಿ ಮಾಡಿದ ರೇಲ್‌ನ ಹೀಟರ್ ಹಾಕಿದರೆ ಅದು ಸುಟ್ಟುಹೋಗುತ್ತದೆ.

ಟವೆಲ್ ಒಣಗಿಸುವ ಸಾಧನದ ಮೇಲೆ ಯಾವ ಬಟ್ಟೆಯಾದರೂ ಸರಿ ಎಂಬುದೂ ತಪ್ಪು. ಎಣ್ಣೆಸ್ನಾನದ ಟವೆಲ್ಲನ್ನು ಚೆನ್ನಾಗಿ ಒಗೆಯದೆ ಇದರ ಮೇಲೆ ಮಡಿಸಿಡಬೇಡಿ. ಎಳ್ಳೆಣ್ಣೆಯಂಥ ಎಣ್ಣೆ ಹೀರಿದ ಬಟ್ಟೆ ಬಿಸಿಯಲ್ಲಿ ತಾನಾಗಿಯೇ ಕಾವೇರುತ್ತ ಹೋಗಿ ಹೊತ್ತಿಕೊಳ್ಳುವ ಅಪಾಯವಿದೆ. ಬಿಸಿ ಸೋಪುನೀರಿನಲ್ಲಿ ಜಿಡ್ಡು ಹೋಗುವಂತೆ ಒಗೆದು, ಒಂದೇ ಪದರವಾಗಿ ಹರಡಿ.