ಬೈಗುಳ ಹರಿಯುವ ದಿಕ್ಕು

ಚಲನಚಿತ್ರದ ಸಂಭಾಷಣೆಯಲ್ಲಿ ಬೈಗುಳ ಇರಬೇಕೇ ಬೇಡವೇ ಎಂಬ ಚರ್ಚೆ ಕನ್ನಡದಲ್ಲಿ ಹೆಚ್ಚಾಗಿ ಸಭ್ಯತೆಯ ಪ್ರಶ್ನೆಯಾಗಿ ಹುಟ್ಟಿ ಸಭ್ಯತೆಯ ಪ್ರಶ್ನೆಯಾಗಿಯೇ ಮುಗಿಯುತ್ತದೆ. ಮನೆಮಂದಿಯೆಲ್ಲ ಕೂತು ನೋಡುವ ಚಿತ್ರದಲ್ಲಿ ಅಂಥ ಮಾತು ಬೇಡವೆನ್ನುವವರು ಒಂದು ಕಡೆ, ಜನ ಆಡುವ ಮಾತನ್ನೇ ಪಾತ್ರಗಳೂ ಆಡಲಿ ಎನ್ನುವವರು ಇನ್ನೊಂದು ಕಡೆ ನಿಲ್ಲುವುದರಿಂದ, ಪಾತ್ರವೊಂದು ಬೈದಾಗ ಅದು ಯಾವಾಗ ನಿಜವೆನಿಸುತ್ತದೆ, ಯಾವಾಗ ಹುಸಿಯೆನಿಸುತ್ತದೆ ಎಂಬ ಬರವಣಿಗೆಯ ಪ್ರಶ್ನೆಯನ್ನು ಯಾರೂ ಕೈಗೆತ್ತಿಕೊಳ್ಳುವುದಿಲ್ಲ. ದೃಶ್ಯಗಳ ಕ್ರಮವನ್ನೂ ಪಾತ್ರಗಳ ನಡೆನುಡಿಯನ್ನೂ ಚಿತ್ರೀಕರಣಕ್ಕೆ ಮೊದಲೇ ಕಾಗದದ ಮೇಲೆ ಕಟ್ಟಿಕೊಡುವ ಚಿತ್ರಕಥೆಗಾದರೆ ಈ ಪ್ರಶ್ನೆಯನ್ನು ದಾಟಿಹೋಗುವ ದಾರಿಯಿಲ್ಲ. ಬೈಗುಳದ ನಿಜವು ಪದದ ಒರಟುತನಕ್ಕಿಂತ ಹೆಚ್ಚಾಗಿ, ಅದು ಯಾರ ಬಾಯಿಂದ ಯಾರ ಕಡೆಗೆ ಹರಿಯುತ್ತದೆ ಎಂಬುದರಲ್ಲಿರುತ್ತದೆ. ಇದನ್ನು ಕಣ್ಣಾರೆ ಕಂಡು ಕಲಿಯುವುದಕ್ಕೆ ಕೊಡಗಿನಷ್ಟು ಒಳ್ಳೆಯ ಪಾಠಶಾಲೆ ಕರ್ನಾಟಕದಲ್ಲಿ ಅಪರೂಪ.

ಒಂದು ಪೇಟೆ, ಹಲವು ನಾಲಿಗೆ

ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ರಸ್ತೆಯಲ್ಲಿರುವ ಮೂರ್ನಾಡು, ಕಾಫಿ ತೋಟಗಳ ನಡುವಿನ ಒಂದು ಸಣ್ಣ ಪೇಟೆ. ಇಂಥ ಪೇಟೆಯ ಒಂದು ಹೋಟೆಲಿನಲ್ಲಿ ಅರ್ಧ ಗಂಟೆ ಕೂತವರ ಕಿವಿಗೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು ಮತ್ತು ಎರವ ಸಮುದಾಯದ ಮಾತು ಬೀಳಬಹುದು. ಇವರೆಲ್ಲ ಪರಸ್ಪರ ವ್ಯವಹರಿಸುವಾಗ ಕನ್ನಡವೇ ಸೇತುವೆಯಾಗುತ್ತದೆ. ಕೊಡವ ಭಾಷೆಗೆ 1994ರಲ್ಲಿ, ಅರೆಭಾಷೆಗೆ 2011ರಲ್ಲಿ ಪ್ರತ್ಯೇಕ ಅಕಾಡೆಮಿಗಳು ಸ್ಥಾಪನೆಯಾದುದು ಈ ಬಹುಭಾಷಿಕ ಬದುಕಿಗೆ ಸಿಕ್ಕ ಅಧಿಕೃತ ಮನ್ನಣೆ.

ಇಂಥ ಊರನ್ನು ಚಿತ್ರಕಥೆಗೆ ತರುವವರು, ಪಾತ್ರ ಯಾವ ಪದ ಬಳಸಿ ಬೈಯುತ್ತದೆ ಎಂದು ಯೋಚಿಸುವುದಕ್ಕೆ ಮೊದಲು ಯಾವ ಭಾಷೆಯಲ್ಲಿ ಬೈಯುತ್ತದೆ ಎಂದು ನಿರ್ಧರಿಸಬೇಕಾಗುತ್ತದೆ. ಬಹುಭಾಷಿಕರ ಭಾವಲೋಕವನ್ನು ಅಧ್ಯಯನ ಮಾಡಿದ ಭಾಷಾವಿಜ್ಞಾನಿ ಜಾನ್ ಮಾರ್ಕ್ ಡೆವಾಲ ಅವರು 2004ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ನಿಷಿದ್ಧ ಪದಗಳ ಕಾವು ಸಾಮಾನ್ಯವಾಗಿ ಮೊದಲು ಕಲಿತ ಭಾಷೆಯಲ್ಲಿಯೇ ಹೆಚ್ಚು. ಆಮೇಲೆ ಕಲಿತ ಭಾಷೆಯಲ್ಲಿ ಅದೇ ಪದ ಹಗುರವಾಗಿ ಕೇಳಿಸುತ್ತದೆ. ನಿಷಿದ್ಧ ಪದವೆಂದರೆ ಸಮಾಜ ಹತ್ತು ಜನರ ನಡುವೆ ಉಚ್ಚರಿಸಬಾರದೆಂದು ಕಟ್ಟುಮಾಡಿರುವ ಮಾತು. ಇದರಿಂದ ಬರಹಗಾರರಿಗೆ ಸಿಗುವ ಸೂಚನೆ ಸ್ಪಷ್ಟವಾಗಿದೆ: ಮನೆಯಲ್ಲಿ ಅರೆಭಾಷೆ ಆಡುವ ಪಾತ್ರ ಜಗಳ ಕಾಯುವಷ್ಟು ಹೊತ್ತು ಕನ್ನಡದಲ್ಲಿ ಬೈಯುತ್ತಿದ್ದು, ಗಾಯ ಆಳಕ್ಕೆ ಇಳಿದ ಕ್ಷಣದಲ್ಲಿ ತನ್ನ ಅರೆಭಾಷೆಗೆ ಹೊರಳಿದರೆ, ಆ ಹೊರಳುವಿಕೆ ಯಾವ ಕೊಳಕು ಪದಕ್ಕೂ ಸಾಧ್ಯವಾಗದಷ್ಟನ್ನು ಪ್ರೇಕ್ಷಕರಿಗೆ ತಿಳಿಸುತ್ತದೆ.

ಪದದೊಳಗೆ ಹುದುಗಿದ ಚರಿತ್ರೆ

ಕನ್ನಡದ ಬೈಗುಳಗಳನ್ನು ಹತ್ತಿರದಿಂದ ನೋಡಿದರೆ ಅವು ಒಂದೇ ಜಾತಿಯವಲ್ಲ ಎಂಬುದು ತಿಳಿಯುತ್ತದೆ. ಕತ್ತೆ, ನಾಯಿ, ಹಂದಿ ಎಂದು ಪ್ರಾಣಿಗೆ ಹೋಲಿಸುವ ಮೂದಲಿಕೆ ಒಂದು ಬಗೆ. ಮನೆ ಹಾಳಾಗಲಿ, ಕಣ್ಣು ಇಂಗಿಹೋಗಲಿ ಎಂದು ಹಿಡಿಮಣ್ಣು ತೂರಿ ಹಾಕುವ ಶಾಪ ಇನ್ನೊಂದು ಬಗೆ. ಎದುರಾಳಿಯ ತಾಯಿ, ಹೆಂಡತಿ, ಅಕ್ಕತಂಗಿಯರನ್ನು ಎತ್ತಿ ಆಡುವ ಅಶ್ಲೀಲ ಮಾತು ಮೂರನೆಯದು. ಈ ಮೂರನೆಯ ಬಗೆಯಲ್ಲಿ ಜಗಳ ಇಬ್ಬರು ಗಂಡಸರದ್ದಾದರೂ ಏಟು ಬೀಳುವುದು ಅಲ್ಲಿಲ್ಲದ ಹೆಂಗಸಿನ ಮೇಲೆ.

ಕರಾವಳಿ ಮತ್ತು ಮಲೆನಾಡಿನ ಮಾತಿನಲ್ಲಿ ಪದೇ ಪದೇ ಕೇಳಿಬರುವ ‘ಬೋಳಿಮಗ’ ಎಂಬ ಪದವನ್ನು ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಗಂಡ ಸತ್ತ ಹೆಣ್ಣಿನ ತಲೆಕೂದಲು ತೆಗೆಸಿ ಮೂಲೆಯಲ್ಲಿ ಕೂರಿಸುತ್ತಿದ್ದ ಕ್ರೂರ ಪದ್ಧತಿಯ ನೆನಪು ಆ ಪದದೊಳಗಿದೆ. ಅಂಥವಳಿಗೆ ಮಗ ಹುಟ್ಟಿದನೆಂದರೆ ಅವಳ ನಡತೆಯೇ ಕೆಟ್ಟದ್ದೆಂಬ ಆರೋಪ ಅದರ ತಿರುಳು. ಪದ್ಧತಿ ಹೋಗಿ, ಪದ ಮಾತ್ರ ಉಳಿದು, ಅದನ್ನು ಆಡುವವರಿಗೂ ಅರ್ಥ ಮರೆತುಹೋಗಿದೆ. ‘ಬೇವರ್ಸಿ’ಯ ಕಥೆಯೂ ಹೀಗೆಯೇ: ವಾರಸುದಾರರಿಲ್ಲದ ಆಸ್ತಿಗೆ ಅನ್ವಯಿಸುತ್ತಿದ್ದ ಪಾರಸಿ ಮೂಲದ ಕಂದಾಯದ ಪದ, ಹಿಂದುಮುಂದಿಲ್ಲದವನು ಎಂಬ ಅರ್ಥ ಪಡೆದು, ಕೊನೆಗೆ ಬರೀ ಸಿಟ್ಟಿನ ಉದ್ಗಾರವಾಗಿ ಉಳಿದಿದೆ. ಇನ್ನು ಮಂಡ್ಯ, ಮೈಸೂರು, ಬೆಂಗಳೂರಿನ ಕಡೆಯ ‘ನನ್ಮಗ’ ಎಂಬುದರಲ್ಲಿ ಅಶ್ಲೀಲವಾದ ಒಂದು ಅಕ್ಷರವೂ ಇಲ್ಲ. ‘ನನ್ನ ಮಗ’ ಎಂಬ ಎರಡು ಸಾದಾ ಪದಗಳು ಕೂಡಿ, ಎದುರಿಗಿರುವವನ ತಾಯಿಯ ಮೇಲೆ ಹಕ್ಕು ಸಾಧಿಸುವ ಧ್ವನಿ ಹೊರಡಿಸಿದಾಗ ಕೈ ಕೈ ಮಿಲಾಯಿಸುವಷ್ಟು ಖಾರವಾಗುತ್ತದೆ. ಅದೇ ಮಾತನ್ನು ಹಳೆಯ ಗೆಳೆಯ ಹೆಗಲ ಮೇಲೆ ಕೈಹಾಕಿ ಆಡಿದರೆ ಅದು ಪ್ರೀತಿ. ಪದಕೋಶದಲ್ಲಿ ಸಿಗುವ ಅರ್ಥಕ್ಕೂ ಬಾಯಲ್ಲಿ ಹುಟ್ಟುವ ಅರ್ಥಕ್ಕೂ ನಡುವಿನ ಈ ದೂರವೇ ಸಂಭಾಷಣೆ ಬರೆಯುವವರ ಕೆಲಸದ ಜಾಗ.

ಕನ್ನಡದಲ್ಲಿ ಬೈಗುಳದ ಪದವೇ ಇಲ್ಲದೆ ಬೈಯಲೂ ಸಾಧ್ಯವಿದೆ. ಇಪ್ಪತ್ತು ವರ್ಷ ‘ನೀವು’ ಎನ್ನುತ್ತಿದ್ದವನು ಒಂದು ಸಂಜೆ ‘ನೀನು’ ಎಂದರೆ, ಆ ಏಕವಚನವೇ ಕಪಾಳಕ್ಕೆ ಹೊಡೆದಂತೆ ಕೇಳಿಸುತ್ತದೆ. ಬಹುವಚನದಿಂದ ಏಕವಚನಕ್ಕೆ ಇಳಿಯುವ ಈ ಮೆಟ್ಟಿಲು ಇರುವ ಭಾಷೆಯಲ್ಲಿ, ಮೊದಲ ದೃಶ್ಯದಿಂದಲೇ ಎಲ್ಲರನ್ನೂ ‘ಲೋ’, ‘ಲೇ’ ಎಂದು ಕರೆಸಿಬಿಡುವ ಬರಹಗಾರರು ತಮ್ಮ ಕೈಯಲ್ಲಿದ್ದ ಹರಿತವಾದ ಆಯುಧವನ್ನು ಮೊದಲೇ ಮೊಂಡಾಗಿಸಿಕೊಂಡಿರುತ್ತಾರೆ.

ತಕ್ಕಡಿಯ ಮುಂದೆ

ಇದನ್ನು ಒಂದು ಕಲ್ಪಿತ ದೃಶ್ಯದ ಮೂಲಕ ಪರೀಕ್ಷಿಸಬಹುದು. ಕಾಫಿ ಕೊಯ್ಲಿನ ಕಾಲ. ಮೂರ್ನಾಡಿನ ಬಳಿಯ ಒಂದು ತೋಟದಲ್ಲಿ ಸಂಜೆ ಹಣ್ಣಿನ ಚೀಲಗಳನ್ನು ತೂಗಲಾಗುತ್ತಿದೆ. ಲೆಕ್ಕ ಬರೆದುಕೊಳ್ಳುವ, ತೋಟದ ಭಾಷೆಯಲ್ಲಿ ‘ರೈಟರ್’ ಎಂದೇ ಕರೆಯಲ್ಪಡುವ ಮೇಲ್ವಿಚಾರಕ, ತೋಟದ ಕೂಲಿಕಾರರು ವಾಸಿಸುವ ಲೈನ್ ಮನೆಯ ಹೆಂಗಸೊಬ್ಬಳ ಚೀಲವನ್ನು ತೂಗಿ ಮೂರು ಕೆಜಿ ಕಡಿಮೆ ಬರೆಯುತ್ತಾನೆ. ಅವಳಿಗೆ ಅದು ಗೊತ್ತಾಗಿದೆ. ಅನುಭವ ಸಾಲದ ಬರಹಗಾರರು ಇಲ್ಲಿ ಅವಳ ಬಾಯಲ್ಲಿ ‘ಏಯ್ ಬೋಳಿಮಗನೇ, ನೆಟ್ಟಗೆ ತೂಗು’ ಎಂಬ ಮಾತನ್ನಿಟ್ಟು, ದೃಶ್ಯಕ್ಕೆ ಕಾವು ಬಂತೆಂದು ತೃಪ್ತರಾಗಬಹುದು. ಆದರೆ ನಾಳೆ ಬೆಳಿಗ್ಗೆ ಅದೇ ರೈಟರನ ಮುಂದೆ ಹಾಜರಿ ಹೇಳಬೇಕಾದವಳು, ಅವನದೇ ತೋಟದ ಲೈನ್ ಮನೆಯಲ್ಲಿ ಮಲಗಬೇಕಾದವಳು ಹಾಗೆ ಬೈಯುವುದಿಲ್ಲ. ಅವಳ ಸಿಟ್ಟು ಬೇರೆ ದಾರಿ ಹುಡುಕುತ್ತದೆ:

‘ಹಾಳಾದ ತಕ್ಕಡಿ, ಇದರ ಕಣ್ಣು ಇಂಗಿಹೋಗ!’ ಎಂದು ಹೇಳಿ, ಚೀಲ ಎತ್ತುತ್ತಿದ್ದ ಮಗನ ಕಡೆ ತಿರುಗಿ, ‘ನೆಟ್ಟಗೆ ಹಿಡಿಯೋ ಕತ್ತೆ’ ಎನ್ನುತ್ತಾಳೆ.

‘ಯಾರಿಗೆ ಹೇಳಿದ್ದು?’ ಎಂದು ರೈಟರ್ ಕೇಳುತ್ತಾನೆ.

‘ತಕ್ಕಡಿಗೆ.’

ಇಲ್ಲಿರುವ ಮಾತುಗಳಲ್ಲಿ ಸೆನ್ಸಾರ್ ಮಂಡಳಿ ಕತ್ತರಿ ಹಾಕುವಂಥದ್ದು ಏನೂ ಇಲ್ಲ. ಆದರೂ ಮೊದಲಿನ ಆವೃತ್ತಿಗಿಂತ ಇದರಲ್ಲಿ ಬೈಗುಳದ ಭಾರ ಹೆಚ್ಚು, ಏಕೆಂದರೆ ಶಾಪ ಯಾರಿಗೆ ತಾಗಬೇಕೋ ಅವನಿಗೆ ತಾಗಿದೆ ಎಂಬುದು ಅಲ್ಲಿ ನಿಂತ ಎಲ್ಲರಿಗೂ ತಿಳಿದಿದೆ, ಅದನ್ನು ಸಾಬೀತುಮಾಡಲು ಅವನಿಗೆ ಮಾತ್ರ ಸಾಧ್ಯವಿಲ್ಲ. ಅಧಿಕಾರವಿದ್ದವರ ಬೈಗುಳ ಕೆಳಮುಖವಾಗಿ, ನೇರವಾಗಿ, ಯಾವ ಎಗ್ಗೂ ಇಲ್ಲದೆ ಹರಿಯುತ್ತದೆ. ಅಧಿಕಾರವಿಲ್ಲದವರದು ವಸ್ತುವಿನ ಮೇಲೆ, ಪ್ರಾಣಿಯ ಮೇಲೆ, ಮಕ್ಕಳ ಮೇಲೆ, ಹಣೆಬರಹದ ಮೇಲೆ ಸುತ್ತಿ ಬಳಸಿ ಹರಿಯುತ್ತದೆ. ಈ ಹರಿವಿನ ನಕ್ಷೆ ಗೊತ್ತಿಲ್ಲದೆ ಬರೆದ ಬೈಗುಳ ಎಷ್ಟೇ ಹಸಿಯಾಗಿದ್ದರೂ ಬಾಯಿಪಾಠದಂತೆ ಕೇಳಿಸುತ್ತದೆ.

ಹರಿವು ತಿರುಗುವ ದಿನ

ಕೆಳಮುಖದ ಈ ಹರಿವು ಮೇಲ್ಮುಖವಾಗುವ ದಿನವೊಂದು ದಕ್ಷಿಣ ಕೊಡಗಿನಲ್ಲಿದೆ. ತಿತಿಮತಿಯ ಬಳಿಯ ದೇವರಪುರದಲ್ಲಿ ಮೇ ತಿಂಗಳಲ್ಲಿ ನಡೆಯುವ ಕುಂಡೆ ಹಬ್ಬವನ್ನು ಬೇಡು ಹಬ್ಬವೆಂದೂ ಬೈಗುಳದ ಹಬ್ಬವೆಂದೂ ಕರೆಯುವುದುಂಟು. ಜೇನುಕುರುಬ, ಬೆಟ್ಟಕುರುಬ, ಎರವ ಸಮುದಾಯದ ಗಂಡಸರು ಹೆಂಗಸರ ಉಡುಪು ತೊಟ್ಟು, ಮುಖಕ್ಕೆ ಬಣ್ಣ ಬಳಿದು, ಖಾಲಿ ಡಬ್ಬಗಳನ್ನು ಬಡಿಯುತ್ತ, ಗೋಣಿಕೊಪ್ಪದಂಥ ಪೇಟೆಗಳಲ್ಲಿ ಅಂಗಡಿ ಮನೆಗಳಿಗೆ ನುಗ್ಗಿ, ವಾಹನಗಳನ್ನು ತಡೆದು, ಎದುರು ಸಿಕ್ಕವರನ್ನೆಲ್ಲ ಬೈಗುಳದ ಹಾಡು ಹಾಡಿ ಹಣ ಬೇಡುತ್ತಾರೆ. ಬೇಟೆಗೆಂದು ತಮ್ಮನ್ನು ಕಾಡಿಗೆ ಕರೆದೊಯ್ದ ಅಯ್ಯಪ್ಪ, ಭದ್ರಕಾಳಿಯ ಮೋಹಕ್ಕೆ ಬಿದ್ದು ತಮ್ಮನ್ನು ನಡುಕಾಡಿನಲ್ಲಿಯೇ ಕೈಬಿಟ್ಟನೆಂಬ ಕಥೆಯನ್ನು ಈ ಹಬ್ಬಕ್ಕೆ ಕಾರಣವಾಗಿ ಹೇಳಲಾಗುತ್ತದೆ. ಆದ್ದರಿಂದ ಮೊದಲ ಬೈಗುಳ ಸಲ್ಲುವುದು ದೇವರಿಗೇ.

ಈ ಸಮುದಾಯಗಳಲ್ಲಿ ಬಹಳಷ್ಟು ಜನ ತಲೆಮಾರುಗಳ ಕಾಲ ತೋಟ ಗದ್ದೆಗಳಲ್ಲಿ ಜೀತಕ್ಕೆ ದುಡಿದವರು. ಜೀತ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ದೇಶದಲ್ಲಿ ಬಂದದ್ದು 1976ರಲ್ಲಿ. ವರ್ಷವಿಡೀ ಬೈಸಿಕೊಳ್ಳುವ ಬಾಯಿಗಳಿಗೆ ಒಂದು ದಿನ ಬೈಯುವ ಹಕ್ಕು ದಕ್ಕಿದಾಗ, ತೋಟದ ಮಾಲೀಕರೂ ಅಧಿಕಾರಿಗಳೂ ನಗುನಗುತ್ತ ಹಣ ಕೊಟ್ಟು ಬೈಸಿಕೊಳ್ಳುತ್ತಾರೆ. ಪದಗಳು ಅವೇ ಆಗಿದ್ದರೂ ಹರಿವಿನ ದಿಕ್ಕು ಬದಲಾದ ಕೂಡಲೇ ಅವುಗಳ ಅರ್ಥವೂ ಬದಲಾಗುತ್ತದೆ. ಲೈಂಗಿಕ ಪದಗಳೇ ತುಂಬಿದ್ದರೂ ಆ ಹಾಡು ಕಾಮವನ್ನು ಕೆರಳಿಸುವುದಿಲ್ಲ, ಕೈಬಿಟ್ಟವರ ಮೇಲಿನ ದೂರನ್ನು ಬೀದಿಗೆ ತರುತ್ತದೆ.

ಕನ್ನಡದ ಬರವಣಿಗೆಯೂ ಈ ಪಾಠವನ್ನು ಬೇರೆ ದಾರಿಯಿಂದ ಕಲಿತಿದೆ. ದಲಿತ ಕವಿ ಸಿದ್ಧಲಿಂಗಯ್ಯನವರು 1975ರಲ್ಲಿ ತಮ್ಮ ಮೊದಲ ಸಂಕಲನಕ್ಕೆ ‘ಹೊಲೆಮಾದಿಗರ ಹಾಡು’ ಎಂದು ಹೆಸರಿಟ್ಟಾಗ, ಮೇಲಿನಿಂದ ಕೆಳಕ್ಕೆ ಬೀಳುತ್ತಿದ್ದ ಮಾತೊಂದು ಕೆಳಗಿನಿಂದ ಎದ್ದು ನಿಂತಿತು. ಚಲನಚಿತ್ರದಲ್ಲಿ ರಾಮ್ ರೆಡ್ಡಿ ನಿರ್ದೇಶಿಸಿ, ಈರೇಗೌಡರೊಂದಿಗೆ ಕೂಡಿ ಬರೆದ ‘ತಿಥಿ’ ಇದಕ್ಕೆ ಒಳ್ಳೆಯ ನಿದರ್ಶನ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಗೂ ಪಾತ್ರವಾದ ಈ ಚಿತ್ರ, ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತ, ವೃತ್ತಿನಟರಲ್ಲದ ಊರಿನವರನ್ನೇ ಇಟ್ಟುಕೊಂಡು ತಯಾರಾಯಿತು. ನೂರು ದಾಟಿದ ಸೆಂಚುರಿ ಗೌಡ ರಸ್ತೆಬದಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬೈದು ಮೂದಲಿಸಿ, ಎದ್ದು ನಾಲ್ಕು ಹೆಜ್ಜೆ ನಡೆದು ಸತ್ತುಬೀಳುವುದರೊಂದಿಗೆ ಚಿತ್ರ ಆರಂಭವಾಗುತ್ತದೆ. ಆ ಬೈಗುಳಕ್ಕೆ ಯಾರೂ ತಿರುಗಿ ಬೀಳದಿರುವುದನ್ನು ಕಂಡೇ ಪ್ರೇಕ್ಷಕರಿಗೆ ಮುದುಕನ ವಯಸ್ಸು, ಊರಿನಲ್ಲಿ ಅವನಿಗಿರುವ ಸಲಿಗೆ, ಅವನ ಒಂಟಿತನ ಎಲ್ಲವೂ ಯಾರೊಬ್ಬರ ವಿವರಣೆಯಿಲ್ಲದೆ ತಿಳಿದುಬಿಡುತ್ತವೆ.

ಕಾನೂನಿನ ಅಳತೆಗೋಲು

ಚಿತ್ರಮಂದಿರಕ್ಕೆ ಬರುವ ಚಿತ್ರಗಳನ್ನು 1952ರ ಸಿನಿಮಾಟೋಗ್ರಾಫ್ ಕಾಯ್ದೆ ಮತ್ತು 1991ರ ಮಾರ್ಗಸೂಚಿಗಳ ಪ್ರಕಾರ ಪ್ರಮಾಣೀಕರಿಸಲಾಗುತ್ತದೆ; 2023ರ ತಿದ್ದುಪಡಿಯ ನಂತರ ‘ಯು/ಎ’ ವರ್ಗವನ್ನು 7, 13 ಮತ್ತು 16 ವರ್ಷಗಳೆಂಬ ಮೂರು ಹಂತಗಳಾಗಿ ವಿಂಗಡಿಸಲಾಗಿದೆ. ವಯಸ್ಕರಿಗೆ ಮಾತ್ರ ಎಂಬ ‘ಎ’ ಪ್ರಮಾಣಪತ್ರ ಪಡೆದ ಚಿತ್ರವನ್ನು ಹಾಗೆಯೇ ಟಿವಿಯಲ್ಲಿ ಪ್ರಸಾರ ಮಾಡುವಂತಿಲ್ಲವಾದ್ದರಿಂದ, ಒಂದು ಬೈಗುಳವನ್ನು ಉಳಿಸಿಕೊಳ್ಳಬೇಕೇ ಮ್ಯೂಟ್ ಮಾಡಬೇಕೇ ಎಂಬುದು ನಿರ್ಮಾಪಕರಿಗೆ ಹಣದ ಪ್ರಶ್ನೆಯೂ ಆಗುತ್ತದೆ.

ಬೈಗುಳ ಮತ್ತು ಅಶ್ಲೀಲತೆ ಒಂದೇ ಅಲ್ಲವೆಂಬುದನ್ನು ಸುಪ್ರೀಂ ಕೋರ್ಟ್ 2024ರ ಮಾರ್ಚ್ 19ರಂದು ಸ್ಪಷ್ಟಪಡಿಸಿತು. ‘ಕಾಲೇಜ್ ರೊಮ್ಯಾನ್ಸ್’ ಎಂಬ ಹಿಂದಿ ವೆಬ್ ಸರಣಿಯ ಪಾತ್ರಗಳು ಆಡಿದ ಮಾತಿನ ಕಾರಣಕ್ಕೆ ಅದನ್ನು ತಯಾರಿಸಿದವರ ಮೇಲೆ ಹೂಡಿದ್ದ ಪ್ರಕರಣವನ್ನು ರದ್ದುಪಡಿಸಿದ ದ್ವಿಸದಸ್ಯ ಪೀಠದಲ್ಲಿ ಪಿ.ಎಸ್. ನರಸಿಂಹ ಅವರೊಂದಿಗೆ ಕೊಡಗು ಮೂಲದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣನವರೂ ಇದ್ದರು. ಪದದ ಅಕ್ಷರಾರ್ಥ ಲೈಂಗಿಕವಾಗಿದ್ದ ಮಾತ್ರಕ್ಕೆ ಅದು ಅಶ್ಲೀಲವಾಗದು, ಆಡುವ ಸಂದರ್ಭದಲ್ಲಿ ಅದು ಸಿಟ್ಟನ್ನೋ ಹತಾಶೆಯನ್ನೋ ಉದ್ವೇಗವನ್ನೋ ಸೂಚಿಸುತ್ತಿರಬಹುದು ಎಂಬುದು ತೀರ್ಪಿನ ಸಾರ. ಆದರೆ ಕಾನೂನಿನ ಅನುಮತಿ ಸಿಕ್ಕಿತೆಂದು ಬರೆಯುವವರ ಹೊಣೆ ಇಳಿಯುವುದಿಲ್ಲ. ದಲಿತರನ್ನಾಗಲಿ ಆದಿವಾಸಿಗಳನ್ನಾಗಲಿ ಜಾತಿಯ ಹೆಸರೆತ್ತಿ ಸಾರ್ವಜನಿಕವಾಗಿ ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧವಾಗಿರುವ ದೇಶದಲ್ಲಿ, ಅಂಥ ಮಾತನ್ನು ತೆರೆಗೆ ತರುವವರು ಅದು ತಾಗಿದವರ ಮುಖವನ್ನೂ ತೋರಿಸಬೇಕಾಗುತ್ತದೆ. ಬೈದವನ ಮುಖದ ಮೇಲೆಯೇ ಕ್ಯಾಮೆರಾ ನಿಂತು ಚಿತ್ರಮಂದಿರ ನಕ್ಕುಬಿಟ್ಟರೆ, ಪಾತ್ರದ ಕ್ರೌರ್ಯ ಚಿತ್ರದ ಕ್ರೌರ್ಯವಾಗುತ್ತದೆ.

ಮರುದಿನದ ಬೆಳಗು

ಬರೆಯುವವರು ಪ್ರತಿ ಪಾತ್ರದ ಬಗ್ಗೆ ಕೆಲವು ಸಂಗತಿಗಳನ್ನು ಮೊದಲೇ ಗುರುತಿಸಿಕೊಂಡರೆ ಈ ಎಲ್ಲ ತಿಳಿವಳಿಕೆಯನ್ನು ಕೆಲಸಕ್ಕೆ ತರಬಹುದು. ಈ ಪಾತ್ರ ಯಾರ ಮುಂದೆ ಬಾಯಿಬಿಟ್ಟು ಬೈಯಬಲ್ಲದು, ಯಾರ ಮುಂದೆ ನುಂಗಿಕೊಳ್ಳುತ್ತದೆ, ನುಂಗಿಕೊಂಡದ್ದನ್ನು ಎಲ್ಲಿ ಹೋಗಿ ಕಕ್ಕುತ್ತದೆ, ಯಾವ ಪದವನ್ನು ಜನ್ಮದಲ್ಲಿ ಒಮ್ಮೆ ಮಾತ್ರ ಆಡುತ್ತದೆ ಎಂಬವು ಆ ಸಂಗತಿಗಳು. ಇವುಗಳಿಗೆ ಉತ್ತರ ಸಿಗುವುದು ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ತೂಕದ ಕಟ್ಟೆಯಲ್ಲಿ ಕಿವಿಗೊಟ್ಟು ನಿಂತವರಿಗೆ. ಬೇರೆ ಚಿತ್ರಗಳನ್ನು ನೋಡಿ ಬರೆದವರಿಗೆ ಸಿಗುವುದು ಬೇರೆ ಚಿತ್ರಗಳ ಬೈಗುಳ ಮಾತ್ರ.

ಕುಂಡೆ ಹಬ್ಬದ ಕೊನೆಯಲ್ಲಿ, ದಿನವಿಡೀ ಬೈದವರು ದೇವರ ಮುಂದೆ ನಿಂತು ತಪ್ಪಾಯಿತೆಂದು ಕೇಳಿಕೊಳ್ಳುತ್ತಾರೆ. ಹಬ್ಬ ಮುಗಿದ ಮೇಲೆ ಅವರಿಗಾಗಿ ಕಾದಿರುವುದು ಅದೇ ತೋಟ, ಅದೇ ಹಾಜರಿ. ಬೀದಿಯ ಬೈಗುಳದ ಸದ್ದನ್ನು ಮಾತ್ರ ಕೇಳಿಸಿಕೊಂಡು ಬಂದ ಚಿತ್ರಕಥೆಗೆ ಹಬ್ಬದ ಗದ್ದಲ ಸಿಗುತ್ತದೆ; ಮರುದಿನ ಬೆಳಿಗ್ಗೆ ಅದೇ ಬಾಯಿ ರೈಟರನ ಮುಂದೆ ತನ್ನ ಹೆಸರು ಹೇಳಿ ಸುಮ್ಮನಾಗುವುದನ್ನೂ ಕಂಡು ಬರೆದ ಚಿತ್ರಕಥೆಗೆ, ಹಿಂದಿನ ದಿನದ ಆ ಬೈಗುಳ ಎಷ್ಟು ದುಬಾರಿಯದ್ದು ಎಂಬುದು ತಿಳಿದಿರುತ್ತದೆ.