ಕಂಪ್ಯೂಟರು ಒಮ್ಮೊಮ್ಮೆ ಚಾಲೂ ಆಗದಿದ್ದರೆ ಏನು ಮಾಡಬೇಕು?

ಜತ್ತ, ಅಕ್ಕಲಕೋಟೆ ಸೀಮೆಯ ನಮ್ಮ ಹಳ್ಳಿಗಳಲ್ಲಿಯೂ ಈಗ ಹಾಲಿನ ಡೇರಿಯ ಲೆಕ್ಕ, ಸಹಕಾರಿ ಸಂಘದ ಸಾಲದ ಖಾತೆ, ಶಾಲೆಯ ದಾಖಲೆಗಳು ಕಂಪ್ಯೂಟರಿನೊಳಗೆ ಸೇರಿವೆ. ಯಂತ್ರವು ಪೂರ್ತಿ ಕೆಟ್ಟರೆ ಕೂಡಲೆ ದುರಸ್ತಿಗೆ ಒಯ್ಯುತ್ತೇವೆ. ಆದರೆ ಬೆಳಿಗ್ಗೆ ಗುಂಡಿ ಎಷ್ಟು ಒತ್ತಿದರೂ ಮಿಸುಕದೆ, ಮಧ್ಯಾಹ್ನ ತಾನಾಗಿಯೇ ಚಾಲೂ ಆದರೆ ಹಾಗೆಯೇ ಬಿಟ್ಟುಬಿಡುತ್ತೇವೆ. ಕೊನೆಗೆ ಬಟವಾಡೆಯ ದಿನವೇ ಅದು ಕೈ ಕೊಡುತ್ತದೆ. ಎತ್ತು ಕುಂಟಿದರೆ ಮೊದಲು ಗೊರಸು ಎತ್ತಿ ಮುಳ್ಳು ಹುಡುಕುತ್ತೇವೆಯೇ ಹೊರತು ಎತ್ತನ್ನೇ ಸಂತೆಗೆ ಹೊಡೆಯುವುದಿಲ್ಲ. ಇಲ್ಲಿಯೂ ಅದೇ ಕ್ರಮ ಹಿತಕರ.

ಎಲ್ಲಕ್ಕಿಂತ ಮೊದಲು, ಯಂತ್ರವು ಚಾಲೂ ಆದ ದಿನವೇ ಲೆಕ್ಕಪತ್ರಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತೆಗೆದಿಡಬೇಕು. ನಾಳೆಗೆ ಎಂದು ಬಿಡಕೂಡದು.

೧. ಗೋಡೆಯಿಂದ ಆರಂಭ: ಸಾಕೆಟ್ಟಿಗೆ ಟೇಬಲ್ ಫ್ಯಾನು ಹಚ್ಚಿ ಪರೀಕ್ಷಿಸಿರಿ. ನಮಗೆ ಬರಬೇಕಾದ ವಿದ್ಯುತ್ತು ೨೩೦ ವೋಲ್ಟು. ಬಾವಿಯ ಮೋಟರುಗಳೆಲ್ಲ ಒಮ್ಮೆಲೇ ನಡೆಯುವಾಗ ಅದು ಇಳಿಯುತ್ತದೆ. ಯಂತ್ರವು ಆ ಹೊತ್ತಿಗೇ ಮುಷ್ಕರ ಹೂಡುತ್ತಿದ್ದರೆ ದೋಷ ಹೊರಗಿರಬಹುದು. ನಡುವೆ ಯುಪಿಎಸ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಗೋಡೆಗೆ ಜೋಡಿಸಿ ನೋಡಿರಿ. ಹಳೆಯ ಬ್ಯಾಟರಿಯೂ ಹೀಗೆ ಕಾಡುತ್ತದೆ. ಪೆಟ್ಟಿಗೆಯ ಹಿಂದಿನ ಕೇಬಲ್ಲನ್ನು ಒತ್ತಿ ಕೂಡಿಸಿರಿ. ಮಾನಿಟರಿನ ಕೇಬಲ್ಲು ಅನೇಕ ಸಲ ಅದೇ ತರಹದ್ದಿರುತ್ತದೆ. ಅದನ್ನು ಅದಲುಬದಲು ಮಾಡಿದರೆ ಖರ್ಚಿಲ್ಲದೆ ಪರೀಕ್ಷೆಯಾಗುತ್ತದೆ.

೨. ಫ್ಯಾನು ತಿರುಗದೆ, ದೀಪವೂ ಹತ್ತದಿದ್ದರೆ: ಕೇಬಲ್ಲು ಕಿತ್ತು, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮರಳಿ ಜೋಡಿಸಿ ಪ್ರಯತ್ನಿಸಿರಿ. ಹತ್ತಾರು ಸಲ ಒತ್ತಿದ ಮೇಲೆ ಚಾಲೂ ಆಗುವುದು, ಚಳಿಯ ಮುಂಜಾನೆ ಹಟ ಹೆಚ್ಚಾಗುವುದು ಇವು ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆ ಮುದಿಯಾದುದರ ಗುರುತುಗಳು. ಅದರೊಳಗಿನ ಕೆಪಾಸಿಟರುಗಳು ವಯಸ್ಸಾದಂತೆ ಬಲಗುಂದುತ್ತವೆ. ತಂಪಿನಲ್ಲಿ ಇನ್ನೂ ಮಂದವಾಗುತ್ತವೆ. ಒಮ್ಮೊಮ್ಮೆ ಸವೆದ ಗುಂಡಿಯೇ ಕಾರಣ. ಮೆಕ್ಯಾನಿಕನು ರೀಸೆಟ್ ಗುಂಡಿಯ ತಂತಿಯನ್ನು ಅದರ ಜಾಗಕ್ಕೆ ಹಾಕಿ ಕ್ಷಣದಲ್ಲಿ ಇದನ್ನು ತಿಳಿಯಬಲ್ಲನು.

೩. ಫ್ಯಾನು ತಿರುಗಿಯೂ ಪರದೆ ಕಪ್ಪಾಗಿದ್ದರೆ: ಮಾನಿಟರಿನ ತಂತಿ ನೋಡಿರಿ. ಅನಂತರ ವಿದ್ಯುತ್ತು ಪೂರ್ತಿ ಕಿತ್ತು, ರ್‍ಯಾಮ್ ಪಟ್ಟಿಯನ್ನು ತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲಿನ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮರಳಿ ಕೂಡಿಸಿರಿ. ಎರೆಮಣ್ಣಿನ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಯಿರಿ. ಚಾಲೂ ಆದಾಗಲೆಲ್ಲ ತಾರೀಖು ತಪ್ಪು ತೋರಿಸುತ್ತಿದ್ದರೆ ಒಳಗಿನ ೩ ವೋಲ್ಟಿನ ಬಿಲ್ಲೆಯಂಥ ಸೆಲ್ಲು ಮುಗಿದಿದೆ. ಅದರ ಮೇಲೆ ಸಾಮಾನ್ಯವಾಗಿ ಸಿಆರ್ ೨೦೩೨ ಎಂದಿರುತ್ತದೆ, ಬೆಲೆ ಅಲ್ಪ.

ಎಚ್ಚರಿಕೆ: ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಕೂಡದು. ಪ್ಲಗ್ಗು ಕಿತ್ತ ಬಳಿಕವೂ ಅದರೊಳಗೆ ೩೦೦ ವೋಲ್ಟಿಗೂ ಮಿಕ್ಕಿದ ವಿದ್ಯುತ್ತು ಕೆಲಹೊತ್ತು ಉಳಿದಿರಬಹುದು. ಅದು ಪ್ರಾಣಕ್ಕೆ ಅಪಾಯ. ಅದು ಕೆಟ್ಟಿದ್ದರೆ ಬದಲಾಯಿಸುವುದೇ ಸರಿ.

ಬಂದು ಹೋಗುವ ದೋಷವನ್ನು ಹಿಡಿಯಲು ಒಂದು ವಹಿ ಇಡುವುದು ಅವಶ್ಯ. ಯಾವ ಹೊತ್ತಿಗೆ ಚಾಲೂ ಆಗಲಿಲ್ಲ, ಫ್ಯಾನು ತಿರುಗಿತೇ, ದೀಪ ಹತ್ತಿತೇ, ಆಗ ಮೋಟರುಗಳು ನಡೆದಿದ್ದವೇ ಎಂಬುದನ್ನು ಬರೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿರಿ. ಎರಡನ್ನು ಕೂಡಿಯೇ ಮಾಡಿದರೆ ಗುಣ ಯಾವುದರಿಂದ ಬಂತೆಂದು ತಿಳಿಯದು. ಒಮ್ಮೆ ಚಾಲೂ ಆದ ಮಾತ್ರಕ್ಕೆ ದೋಷ ಹೋಯಿತೆಂದು ತಿಳಿಯದೆ ಎಂಟು ಹತ್ತು ದಿನ ಗಮನಿಸಿರಿ.

ಪೇಟೆಗೆ ಒಯ್ಯುವಾಗ ಈ ವಹಿಯನ್ನೂ ಜೊತೆಗೆ ಒಯ್ಯಿರಿ. ಅಂಗಡಿಯಲ್ಲಿ ಯಂತ್ರವು ಚಾಲೂ ಆಗಿಬಿಟ್ಟರೂ ದೋಷವೇನೆಂದು ಮೆಕ್ಯಾನಿಕನಿಗೆ ಅದರಿಂದ ತಿಳಿಯುವುದು. ಹಾರ್ಡ್ ಡಿಸ್ಕಿನಲ್ಲಿರುವುದನ್ನು ಕೇಳದೆ ಅಳಿಸಬಾರದೆಂದು ಮೊದಲೇ ಹೇಳಿರಿ. ವಿದ್ಯುತ್ ಪೆಟ್ಟಿಗೆ ಕೆಟ್ಟರೂ ಲೆಕ್ಕಗಳು ಸಾಮಾನ್ಯವಾಗಿ ಅದರಲ್ಲಿ ಸುರಕ್ಷಿತವಾಗಿರುತ್ತವೆ. ಸಣ್ಣ ಭಾಗವೊಂದನ್ನು ಬದಲಿಸಿದರೆ ಸಾಲುವಲ್ಲಿ ಹೊಸ ಯಂತ್ರಕ್ಕೆ ಸಂಘದ ಹಣ ಸುರಿಯುವ ಪ್ರಸಂಗ ಇದರಿಂದ ತಪ್ಪುವುದು.